ಬಂಡೆಯೇರುವ ಬಂಡಿ: ಅದರ ವಿದ್ಯುದಂಗಗಳ ಆಯ್ಕೆಯ ವಿಚಾರ

ಹಳ್ಳ ದಾಟುವ ಚಕ್ಕಡಿಯನ್ನು ನೋಡಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಗಾಲಿಯ ಮುಂದೆ ಕಲ್ಲು ಅಡ್ಡ ಬಂದಾಗ ಅನುಭವಿಯಾದ ಒಕ್ಕಲಿಗನು ಎತ್ತುಗಳನ್ನು ಓಡಿಸುವುದಿಲ್ಲ. ಹಗ್ಗವನ್ನು ಬಿಗಿಹಿಡಿದು, ನಡಿಗೆಯನ್ನು ತಗ್ಗಿಸಿ, ಎರಡೂ ಎತ್ತುಗಳ ಹೆಗಲು ಏಕಕಾಲಕ್ಕೆ ನೊಗಕ್ಕೆ ತಾಗುವಂತೆ ಮಾಡಿ, ಗಾಲಿಯು ಅಂಗುಲ ಅಂಗುಲವಾಗಿ ಕಲ್ಲಿನ ನೆತ್ತಿಯನ್ನು ಏರುವಂತೆ ನೋಡಿಕೊಳ್ಳುತ್ತಾನೆ. ಓಡಿಸಿದರೆ ಅಚ್ಚು ಮುರಿದೀತು. ನಿಧಾನಿಸಿದರೆ ಬಂಡಿ ದಾಟೀತು. ತೆಲಸಂಗದ ಸುತ್ತಣ ಎರೆಭೂಮಿಯಲ್ಲಿ, ಹಳ್ಳಕೊಳ್ಳಗಳ ಕರಿಗಲ್ಲುಗಳ ನಡುವೆ ತಲೆತಲಾಂತರದಿಂದ ನಡೆದು ಬಂದ ಈ ವಿದ್ಯೆಯೇ ಇಂದು ಎಳೆಯರ ಕೈಯಲ್ಲಿ ಒಂದು ಹೊಸ ರೂಪವನ್ನು ತಾಳಿದೆ. ಅದೇ ರೇಡಿಯೋ ತರಂಗಗಳಿಂದ ನಡೆಸಲ್ಪಡುವ, ಬಂಡೆಯೇರುವ ಕಿರುಬಂಡಿ.

ಇದು ಪಂದ್ಯದ ಆಟಿಕೆ ಕಾರಿನಂತೆ ವೇಗವಾಗಿ ಓಡುವುದಿಲ್ಲ. ನಿಜವಾದ ವಾಹನದ ಸುಮಾರು ಹತ್ತನೆಯ ಒಂದು ಅಳತೆಯಲ್ಲಿ, ನಾಲ್ಕು ಗಾಲಿಗಳಿಗೂ ಚಾಲನೆಯಿರುವಂತೆ, ಮೆತ್ತನೆಯ ರಬ್ಬರಿನ ಟೈರುಗಳನ್ನು ತೊಡಿಸಿ ಇದನ್ನು ಕಟ್ಟುತ್ತಾರೆ. ಕಲ್ಲು, ಕೊರಕಲು, ಏರು, ಇಳಿಜಾರುಗಳನ್ನು ಉರುಳಿ ಬೀಳದೆ ದಾಟುವುದೇ ಇದರ ಸಾಧನೆ. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವುದಾದರೂ, ಬಿಡಿಭಾಗಗಳನ್ನು ಆರಿಸಿ ತಾವೇ ಕಟ್ಟುವವರಿಗೆ ದೊರೆಯುವ ಶಿಕ್ಷಣ ಬೇರೆಯದೇ ಆಗಿದೆ. ಚೌಕಟ್ಟನ್ನು ಕಮ್ಮಾರನೂ ಬಡಿಗನೂ ಸೇರಿ ಕಟ್ಟಿಕೊಡಬಲ್ಲರು. ಆದರೆ ಅದರೊಳಗೆ ಹರಿಯುವ ವಿದ್ಯುತ್ತಿಗೆ ಸಂಬಂಧಿಸಿದ ಅಂಗಗಳನ್ನು ಆರಿಸುವಾಗ ಬಹುಮಂದಿ ತಪ್ಪುತ್ತಾರೆ. ಆ ಆಯ್ಕೆಯ ಕ್ರಮವನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಚಂದ್ರನ ಮೇಲಿನ ಬಂಡಿ

ದೂರದಿಂದ ನಡೆಸಲ್ಪಟ್ಟು ಕಲ್ಲುನೆಲದಲ್ಲಿ ಸಂಚರಿಸಿದ ಬಂಡಿಗಳಲ್ಲಿ ಕನ್ನಡ ನಾಡಿಗೆ ಅತ್ಯಂತ ಹತ್ತಿರದ ಉದಾಹರಣೆ ‘ಪ್ರಜ್ಞಾನ’. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ೨೦೨೩ರ ಜುಲೈ ೧೪ರಂದು ಹಾರಿಸಿದ ಚಂದ್ರಯಾನ-೩ರ ‘ವಿಕ್ರಮ’ ನೌಕೆಯು ಅದೇ ವರ್ಷ ಆಗಸ್ಟ್ ೨೩ರ ಸಂಜೆ ಚಂದ್ರನ ದಕ್ಷಿಣ ಧ್ರುವಪ್ರದೇಶದ ಸಮೀಪದಲ್ಲಿ ಇಳಿಯಿತು. ಅದರ ಒಡಲಿನಿಂದ ಇಳಿಜಾರು ಹಲಗೆಯ ಮೇಲೆ ಕೆಳಗಿಳಿದ ಪ್ರಜ್ಞಾನದ ತೂಕ ೨೬ ಕಿಲೋಗ್ರಾಂ; ಗಾಲಿಗಳು ಆರು; ಸೂರ್ಯನ ಬೆಳಕಿನಿಂದ ಅದು ಉತ್ಪಾದಿಸುತ್ತಿದ್ದ ವಿದ್ಯುಚ್ಛಕ್ತಿ ಕೇವಲ ೫೦ ವ್ಯಾಟ್. ಹಿಂದೆ ಮನೆಯಲ್ಲಿ ಉರಿಯುತ್ತಿದ್ದ ಒಂದು ಸಾಧಾರಣ ಬಲ್ಬಿಗೆ ಸಾಲುವಷ್ಟೇ ಶಕ್ತಿ ಅದು! ಅದರ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಈ ಲೆಕ್ಕದಲ್ಲಿ ನೂರು ಮೀಟರ್ ನಡೆಯಲು ಎಲ್ಲಿಯೂ ನಿಲ್ಲದಿದ್ದರೂ ಹತ್ತಿರ ಹತ್ತಿರ ಎರಡು ಮುಕ್ಕಾಲು ತಾಸು ಬೇಕು. ಇಂತಹ ಮಂದಗಾಮಿಯು ಸೆಪ್ಟೆಂಬರ್ ೨ರ ಹೊತ್ತಿಗೆ ನೂರು ಮೀಟರ್ ದಾಟಿ, ಚಂದ್ರನ ಮಣ್ಣಿನಲ್ಲಿ ಗಂಧಕವಿರುವುದನ್ನು ನಿಃಸಂದಿಗ್ಧವಾಗಿ ತೋರಿಸಿಕೊಟ್ಟಿತು.

ಪ್ರಜ್ಞಾನಕ್ಕಿಂತ ಮೊದಲೂ ಇಂತಹ ಬಂಡಿಗಳಿದ್ದವು. ೧೯೭೦ರ ನವೆಂಬರಿನಲ್ಲಿ ಸೋವಿಯತ್ ಒಕ್ಕೂಟದ ‘ಲುನಾಖೋದ್-೧’ ಎಂಟು ಗಾಲಿಗಳ ಮೇಲೆ ಚಂದ್ರನಲ್ಲಿ ಸಂಚರಿಸಿತು. ಅದನ್ನು ಭೂಮಿಯಲ್ಲಿ ಕುಳಿತ ಚಾಲಕರು ನಡೆಸಿದರು. ೧೯೯೭ರಲ್ಲಿ ಅಮೆರಿಕದ ‘ಸೊಜರ್ನರ್’ ಮಂಗಳನ ಮೇಲೆ ಉರುಳಿತು. ಅದರ ಮಿದುಳಾಗಿದ್ದುದು ೮೦ಸಿ೮೫ ಎಂಬ ಸಾಮಾನ್ಯ ಸಂಸ್ಕಾರಕ. ಅಂದಿನ ಪೇಟೆಯಲ್ಲಿ ಅದಕ್ಕಿಂತ ನೂರಾರು ಪಟ್ಟು ಬಲಶಾಲಿಯಾದವು ದೊರೆಯುತ್ತಿದ್ದರೂ, ಕಡಿಮೆ ವಿದ್ಯುತ್ತನ್ನು ಬಳಸಿ ಕೆಲಸವನ್ನು ತಪ್ಪದೆ ಮಾಡುವುದೆಂಬ ಕಾರಣಕ್ಕೆ ಆ ಹಳೆಯದನ್ನೇ ಆರಿಸಲಾಯಿತು. ಆಯ್ಕೆಯ ಮೊದಲ ಪಾಠ ಇಲ್ಲಿಯೇ ಇದೆ. ‘ಪೇಟೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು?’ ಎಂಬ ಪ್ರಶ್ನೆಯನ್ನು ಬಿಟ್ಟು ‘ಈ ಕೆಲಸಕ್ಕೆ ತಕ್ಕುದು ಯಾವುದು?’ ಎಂಬುದನ್ನು ಕೇಳಬೇಕು.

ಮೊದಲು ನೆಲ, ಅನಂತರ ಯಂತ್ರ

ಅಥಣಿಯ ಚರ್ಮಕಾರನು ಪಾದದ ಅಳತೆಯನ್ನು ತೆಗೆದುಕೊಳ್ಳದೆ ಚಪ್ಪಲಿಗೆ ತೊಗಲನ್ನು ಕತ್ತರಿಸುವುದಿಲ್ಲ. ಅಂತೆಯೇ ಬಂಡಿಯನ್ನು ಕಟ್ಟುವವನು ಅದು ನಡೆಯಬೇಕಾದ ನೆಲವನ್ನು ಮೊದಲು ಅರಿಯಬೇಕು. ಚಂದ್ರಯಾನ-೨ರ ಕಾಲದಲ್ಲಿ ಸಂಸ್ಥೆಯು ಮಾಡಿದುದೂ ಇದನ್ನೇ. ಚಂದ್ರನ ಎತ್ತರದ ಪ್ರದೇಶದ ಮಣ್ಣನ್ನು ಹೋಲುವ ಕಲ್ಲು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಸುತ್ತ ದೊರೆಯುತ್ತದೆ. ಅದನ್ನು ತಂದು ಪುಡಿಮಾಡಿ, ಬೆಂಗಳೂರಿನಲ್ಲಿ ಹಾಸಿ, ಬಂಡಿಯನ್ನು ನಡೆಸಿ ನೋಡಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿ, ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಿದರು.

ತೆಲಸಂಗದ ಸೀಮೆಯಲ್ಲಿ ಇಂತಹ ಪರೀಕ್ಷಾಭೂಮಿಗಾಗಿ ಹೊರಗೆ ಹುಡುಕಬೇಕಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸವು ಗಟ್ಟಿಯಾಗಿ ಆದ ಕರಿಗಲ್ಲು ಇಲ್ಲಿನ ನೆಲದಡಿಯಲ್ಲಿದೆ. ಅದು ಸವೆದು ಆದದ್ದೇ ಎರೆಮಣ್ಣು. ಚಂದ್ರನ ಮುಖದಲ್ಲಿ ಕಾಣುವ ಕಪ್ಪು ಕಲೆಗಳೂ ಇದೇ ಜಾತಿಯ ಕಲ್ಲಿನವು. ಈ ನೆಲದ ಗುಣಗಳು ಮೂರು. ಕಲ್ಲು ಒರಟಾಗಿರುವುದರಿಂದ ಟೈರಿಗೆ ಹಿಡಿತ ಸಿಗುತ್ತದೆ, ಆದರೆ ಗಾಲಿಯು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ನೆಲವು ಕಾದು ಅಂಗಗಳು ಬೇಗನೆ ಬಿಸಿಯಾಗುತ್ತವೆ. ನುಣುಪಾದ ಧೂಳು ಎಲ್ಲೆಡೆಗೂ ನುಗ್ಗುತ್ತದೆ. ಮುಂದೆ ಹೇಳುವ ಪ್ರತಿಯೊಂದು ಅಂಗವನ್ನೂ ಸಿಕ್ಕು, ಬಿಸಿ, ಧೂಳು ಎಂಬ ಈ ಮೂರು ಒರೆಗಲ್ಲುಗಳಿಗೆ ತಿಕ್ಕಿ ನೋಡಬೇಕು.

ಮೋಟಾರು

ಬಂಡಿಗೆ ಎತ್ತೆಂದರೆ ಮೋಟಾರು. ಇಲ್ಲಿ ಎರಡು ಗುಣಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದು. ಇನ್ನೊಂದು, ಎಷ್ಟು ತಿರುಚುಬಲವನ್ನು ಕೊಡುತ್ತದೆಂಬುದು. ಹಲ್ಲುಗಾಲಿಗಳ ಜೋಡಣೆಯಿಂದ ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಹೆಚ್ಚಿಸಿಕೊಳ್ಳಬಹುದು. ಬಂಡೆಯೇರುವ ಬಂಡಿಗಳಲ್ಲಿ ಮೋಟಾರು ಸುಮಾರು ೪೦ ಸುತ್ತು ತಿರುಗಿದರೆ ಗಾಲಿಯು ಒಂದು ಸುತ್ತು ತಿರುಗುವಂತೆ ಜೋಡಿಸುವುದುಂಟು. ಮೋಟಾರು ನಿಮಿಷಕ್ಕೆ ೧೦,೦೦೦ ಸುತ್ತು ತಿರುಗಿದಾಗ ಗಾಲಿಯು ೨೫೦ ಸುತ್ತು ತಿರುಗೀತು. ಗಾಲಿಯ ವ್ಯಾಸ ೧೨ ಸೆಂಟಿಮೀಟರ್ ಆದರೆ ಬಂಡಿಯು ನಿಮಿಷಕ್ಕೆ ಸುಮಾರು ೯೪ ಮೀಟರ್, ಎಂದರೆ ತಾಸಿಗೆ ಐದೂವರೆ ಕಿಲೋಮೀಟರಿಗೆ ತುಸು ಹೆಚ್ಚು ಸಾಗೀತು. ಇದು ಮನುಷ್ಯನ ಬಿರುಸು ನಡಿಗೆಯ ವೇಗ. ಬಂಡೆಯೇರಲು ಇದಕ್ಕಿಂತ ಹೆಚ್ಚಿನದು ಬೇಡ.

ಬಲದ ಲೆಕ್ಕವನ್ನೂ ಪ್ರೌಢಶಾಲೆಯ ವಿದ್ಯಾರ್ಥಿ ಮಾಡಬಲ್ಲನು. ೩ ಕಿಲೋ ತೂಗುವ ಬಂಡಿಯು ೪೫ ಅಂಶದ ಏರನ್ನು ಏರಬೇಕಾದರೆ ಸುಮಾರು ೨.೧ ಕಿಲೋ ಭಾರವನ್ನು ಎತ್ತುವಷ್ಟು ಎಳೆತ ಬೇಕು. ಗಾಲಿಯ ತ್ರಿಜ್ಯ ೬ ಸೆಂಟಿಮೀಟರ್ ಆದುದರಿಂದ ಗಾಲಿಗಳ ಬಳಿ ಒಟ್ಟು ೧೨.೭ ಕಿಲೋ-ಸೆಂಟಿಮೀಟರ್ ತಿರುಚುಬಲ ಬೇಕಾಯಿತು. ಅದನ್ನು ೪೦ರಿಂದ ಭಾಗಿಸಿದರೆ ಮೋಟಾರಿನ ಬಳಿ ಕೇವಲ ೦.೩೨ ಸಾಕು. ಹಲ್ಲುಗಾಲಿಗಳ ತಿಕ್ಕಾಟದಲ್ಲಿ ಅರ್ಧ ನಷ್ಟವಾದರೂ ೦.೬೪ ಸಾಕಾಗುತ್ತದೆ. ಸಣ್ಣ ಮೋಟಾರು ದೊಡ್ಡ ಕಲ್ಲನ್ನು ಏರುವ ಗುಟ್ಟು ಇದು.

ಮೋಟಾರುಗಳಲ್ಲಿ ಬ್ರಶ್ ಉಳ್ಳವು, ಬ್ರಶ್ ಇಲ್ಲದವು ಎಂದು ಎರಡು ಬಗೆ. ಮೊದಲನೆಯದರಲ್ಲಿ ಇಂಗಾಲದ ತುಂಡುಗಳು ತಿರುಗುವ ಭಾಗವನ್ನು ಮುಟ್ಟುತ್ತ ವಿದ್ಯುತ್ತನ್ನು ಸುರುಳಿಗಳಿಗೆ ಮುಟ್ಟಿಸುತ್ತವೆ. ಪಂಪಿನ ಮೋಟಾರು ಸುಟ್ಟಾಗ ಅದನ್ನು ರಿವೈಂಡಿಂಗ್ ಅಂಗಡಿಗೆ ಒಯ್ದ ರೈತನಿಗೆ ತಂತಿಯ ಸುತ್ತುಗಳೆಂದರೇನೆಂಬುದು ಗೊತ್ತು. ಕಿರುಬಂಡಿಯ ಮೋಟಾರನ್ನು ಆ ಸುತ್ತುಗಳ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಸುತ್ತು ಕಡಿಮೆಯಾದರೆ ವೇಗವೂ ಅದು ಸೆಳೆಯುವ ವಿದ್ಯುತ್ತೂ ಹೆಚ್ಚು. ಸುತ್ತು ಹೆಚ್ಚಾದರೆ ವೇಗ ಕಡಿಮೆ, ನಡಿಗೆ ಮೃದು. ಆದುದರಿಂದ ಓಟದ ಕಾರಿಗೆ ಹತ್ತಿಪ್ಪತ್ತು ಸುತ್ತುಗಳ ಮೋಟಾರು ಒಪ್ಪಿದರೆ, ಬಂಡೆಯೇರುವ ಬಂಡಿಗೆ ೩೫ರಿಂದ ೫೫ ಸುತ್ತುಗಳದು ಒಪ್ಪುತ್ತದೆ. ಇದು ಅಗ್ಗ, ಕೆಟ್ಟರೆ ಬಿಚ್ಚಿ ನೋಡಲು ಸುಲಭ; ಇಂಗಾಲವು ಸವೆಯುವುದೂ ಧೂಳಿನಿಂದ ಕೆಡುವುದೂ ಇದರ ದೋಷಗಳು.

ಬ್ರಶ್ ಇಲ್ಲದ ಮೋಟಾರಿನಲ್ಲಿ ಸುರುಳಿಗಳು ಸ್ಥಿರವಾಗಿದ್ದು ಅಯಸ್ಕಾಂತವೇ ತಿರುಗುತ್ತದೆ. ತಿಕ್ಕುವ ಭಾಗವಿಲ್ಲದ ಕಾರಣ ಬಾಳಿಕೆ ಹೆಚ್ಚು. ಪ್ರಜ್ಞಾನದ ಆರು ಗಾಲಿಗಳಿಗೂ ಪ್ರತ್ಯೇಕವಾಗಿ ಇಂತಹ ಮೋಟಾರುಗಳನ್ನೇ ಅಳವಡಿಸಿದ್ದರು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಅಯಸ್ಕಾಂತವು ಯಾವ ಸ್ಥಾನದಲ್ಲಿದೆ ಎಂಬುದು ತಿಳಿದಲ್ಲದೆ ಯಾವ ಸುರುಳಿಗೆ ವಿದ್ಯುತ್ತನ್ನು ಕೊಡಬೇಕೆಂಬುದು ನಿಯಂತ್ರಕಕ್ಕೆ ತಿಳಿಯದು. ಸಂವೇದಕವಿಲ್ಲದ ಅಗ್ಗದ ಮೋಟಾರುಗಳಲ್ಲಿ ಈ ಸ್ಥಾನವನ್ನು ತಿರುಗಾಟದಿಂದ ಹುಟ್ಟುವ ಎದುರು ವೋಲ್ಟೇಜಿನಿಂದ ಊಹಿಸುತ್ತಾರೆ. ವೇಗ ತೀರ ಕಡಿಮೆಯಾದಾಗ ಆ ಸುಳಿವು ಸಿಗದೆ ಮೋಟಾರು ತಡವರಿಸಿ ಜಗ್ಗುತ್ತದೆ. ಬಂಡೆಯ ಅಂಚಿನಲ್ಲಿ ಅರ್ಧ ಗಾಲಿ ನಿಂತಿರುವಾಗ ಹೀಗೆ ಜಗ್ಗಿದರೆ ಬಂಡಿ ಉರುಳಿತೆಂದೇ ತಿಳಿಯಬೇಕು. ಆದಕಾರಣ ಬ್ರಶ್ ಇಲ್ಲದುದನ್ನು ಕೊಳ್ಳುವುದಾದರೆ ಸಂವೇದಕ ಉಳ್ಳದ್ದನ್ನೇ ಕೊಳ್ಳಬೇಕು. ಅಷ್ಟು ಹಣವಿಲ್ಲದಿದ್ದರೆ ಬ್ರಶ್ ಉಳ್ಳ ಸಾಧಾರಣ ಮೋಟಾರೇ ಲೇಸು.

ವೇಗನಿಯಂತ್ರಕ

ಬ್ಯಾಟರಿಗೂ ಮೋಟಾರಿಗೂ ನಡುವೆ ನಿಂತು, ಎಷ್ಟು ವಿದ್ಯುತ್ ಹರಿಯಬೇಕೆಂಬುದನ್ನು ನಿರ್ಧರಿಸುವ ಅಂಗವೇ ವೇಗನಿಯಂತ್ರಕ. ಅಂಗಡಿಯವರು ಇದನ್ನು ಇ.ಎಸ್.ಸಿ. ಎನ್ನುತ್ತಾರೆ. ಇದು ತೂಬನ್ನು ಅರೆ ತೆರೆದಂತೆ ಕೆಲಸ ಮಾಡುವುದಿಲ್ಲ. ಸೆಕೆಂಡಿಗೆ ಸಾವಿರಾರು ಬಾರಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತ, ತೆರೆದಿರುವ ಕಾಲದ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುತ್ತದೆ. ಅರ್ಧ ಕಾಲ ತೆರೆದಿದ್ದರೆ ಮೋಟಾರಿಗೆ ಅರ್ಧ ವೋಲ್ಟೇಜು ತಲುಪಿದಂತಾಗುತ್ತದೆ. ನಡುವೆ ವ್ಯರ್ಥವಾಗುವ ಶಾಖವೂ ಕಡಿಮೆ.

ಇದನ್ನು ಆರಿಸುವಾಗ ನೋಡಬೇಕಾದ ಮೊದಲನೆಯ ಗುಣ ಆಂಪಿಯರ್ ಸಾಮರ್ಥ್ಯ. ತಿರುಗುತ್ತಿರುವ ಮೋಟಾರು ಎದುರು ವೋಲ್ಟೇಜನ್ನು ಹುಟ್ಟಿಸಿ ತಾನು ಸೆಳೆಯುವ ವಿದ್ಯುತ್ತಿಗೆ ತಾನೇ ಮಿತಿ ಹಾಕಿಕೊಳ್ಳುತ್ತದೆ. ಗಾಲಿಯು ಕಲ್ಲಿನ ಸಂದಿಯಲ್ಲಿ ಸಿಕ್ಕು ಮೋಟಾರು ನಿಂತುಬಿಟ್ಟರೆ ಆ ಮಿತಿ ಇಲ್ಲವಾಗಿ, ವಿದ್ಯುತ್ತು ಹಲವು ಪಟ್ಟು ಏರಿ, ಅದೆಲ್ಲವೂ ಶಾಖವಾಗಿ ಮಾರ್ಪಡುತ್ತದೆ. ಓಟದ ಕಾರಿಗೆ ಅಪರೂಪವಾದ ಈ ಪ್ರಸಂಗ ಬಂಡೆಯೇರುವ ಬಂಡಿಗೆ ನಿತ್ಯದ್ದು. ಆದುದರಿಂದ ನಿಯಂತ್ರಕದ ಸಾಮರ್ಥ್ಯವು ಮೋಟಾರು ಸಿಕ್ಕಿಕೊಂಡಾಗ ಸೆಳೆಯುವ ವಿದ್ಯುತ್ತಿಗಿಂತ ಹೆಚ್ಚಾಗಿರಬೇಕು. ನಡೆಸುವವನೂ ಬಂಡಿ ಸಿಕ್ಕಿಕೊಂಡ ಕೂಡಲೆ ಒತ್ತನ್ನು ಬಿಟ್ಟು ಹಿಂದೆ ಸರಿಸಬೇಕು.

ಎರಡನೆಯದು ಇಳಿಜಾರಿನಲ್ಲಿ ತಡೆದು ನಿಲ್ಲಿಸುವ ಗುಣ. ಗುಂಡಿಯಿಂದ ಬೆರಳು ತೆಗೆದೊಡನೆ ಉತ್ತಮ ನಿಯಂತ್ರಕವು ಮೋಟಾರಿನ ಎರಡು ತುದಿಗಳನ್ನು ಒಂದುಗೂಡಿಸಿಬಿಡುತ್ತದೆ. ಆಗ ಇಳಿಯಲು ಹೊರಟ ಗಾಲಿಯು ಮೋಟಾರನ್ನು ತಿರುಗಿಸಿದರೆ ಅದು ಡೈನಮೋದಂತಾಗಿ, ಅದರಲ್ಲಿ ಹುಟ್ಟಿದ ವಿದ್ಯುತ್ತೇ ತಿರುಗಾಟವನ್ನು ವಿರೋಧಿಸುತ್ತದೆ. ನಲವತ್ತು ಪಟ್ಟಿನ ಹಲ್ಲುಗಾಲಿಗಳು ಸೇರಿ ಬಂಡಿಯನ್ನು ಬಂಡೆಯ ಓರೆಯಲ್ಲಿ ಬಹುಮಟ್ಟಿಗೆ ನಿಲ್ಲಿಸುತ್ತವೆ. ಓಟದ ಕಾರುಗಳಿಗಾಗಿ ಮಾಡಿದ ಎಷ್ಟೋ ನಿಯಂತ್ರಕಗಳಲ್ಲಿ ಈ ತಡೆಯು ದುರ್ಬಲವಾಗಿರುತ್ತದೆ. ಬೆಲೆಯನ್ನು ಕೇಳುವುದಕ್ಕಿಂತ ಮೊದಲು ಈ ಪ್ರಶ್ನೆಯನ್ನು ಕೇಳಬೇಕು.

ಸರ್ವೋ

ಮುಂಗಾಲಿಗಳನ್ನು ಎಡಬಲಕ್ಕೆ ಹೊರಳಿಸುವ ಅಂಗಕ್ಕೆ ‘ಸರ್ವೋ’ ಎಂದು ಹೆಸರು. ಲ್ಯಾಟಿನ್ ಭಾಷೆಯ ಸೇವಕವಾಚಿ ಶಬ್ದದಿಂದ ಇದು ಬಂದಿದೆ. ಹೆಸರಿಗೆ ತಕ್ಕಂತೆ ಇದು ಒಡೆಯನ ಆಜ್ಞೆಯನ್ನು ಪಾಲಿಸುವ ಆಳು. ಗ್ರಾಹಕದಿಂದ ಸೆಕೆಂಡಿಗೆ ಸುಮಾರು ೫೦ ಬಾರಿ ಇದಕ್ಕೊಂದು ಸಂಕೇತ ಬರುತ್ತದೆ. ಆ ಸಂಕೇತವು ಸೆಕೆಂಡಿನ ಸಾವಿರದ ಒಂದೂವರೆ ಭಾಗದಷ್ಟು ಕಾಲ ಇದ್ದರೆ ‘ನೇರ’, ಒಂದು ಭಾಗವಾದರೆ ಒಂದು ಕಡೆಗೆ, ಎರಡು ಭಾಗವಾದರೆ ಇನ್ನೊಂದು ಕಡೆಗೆ ಎಂದು ಅರ್ಥ. ಒಳಗಿನ ಅಳತೆಗಾರನು ತೋಳು ಈಗ ಎಲ್ಲಿದೆ ಎಂಬುದನ್ನು ತಿಳಿಸುತ್ತಾನೆ. ಆಜ್ಞೆಗೂ ಇರುವಿಕೆಗೂ ಅಂತರವಿರುವವರೆಗೆ ಒಳಗಿನ ಸಣ್ಣ ಮೋಟಾರು ದುಡಿಯುತ್ತಲೇ ಇರುತ್ತದೆ.

ಇದರ ಬಲವನ್ನು ಕಿಲೋ-ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ೨೫ ಕಿಲೋ-ಸೆಂಟಿಮೀಟರ್ ಎಂದರೆ ತೋಳಿನ ಉದ್ದ ೧ ಸೆಂಟಿಮೀಟರ್ ಇದ್ದಾಗ ೨೫ ಕಿಲೋ, ಎರಡೂವರೆ ಸೆಂಟಿಮೀಟರ್ ಇದ್ದಾಗ ೧೦ ಕಿಲೋ ಭಾರವನ್ನು ತಡೆಯಬಲ್ಲದೆಂದು ಅರ್ಥ. ಎರಡು ಕಲ್ಲುಗಳ ನಡುವೆ ಬಿಗಿದುಕೊಂಡ ಗಾಲಿಯನ್ನು ಹೊರಳಿಸಲು ಹತ್ತನೆಯ ಒಂದಳತೆಯ ಬಂಡಿಗೆ ಇಷ್ಟಾದರೂ ಬಲ ಬೇಕು. ಹಲ್ಲುಗಳು ಲೋಹದವಾಗಿರಬೇಕು, ಪ್ಲಾಸ್ಟಿಕ್ಕಿನವು ಮೊದಲ ದಿನವೇ ಉದುರಿಯಾವು. ಪ್ರಜ್ಞಾನದಲ್ಲಿ ಸರ್ವೋ ಅಳವಡಿಸುವ ಗೋಜಿಗೇ ಹೋಗಲಿಲ್ಲ. ಎರಡು ಬದಿಯ ಗಾಲಿಗಳ ವೇಗದಲ್ಲಿ ವ್ಯತ್ಯಾಸ ಮಾಡಿಯೇ ಬಂಡಿಯನ್ನು ಹೊರಳಿಸುವ ಉಪಾಯವನ್ನು ಅಲ್ಲಿ ಅನುಸರಿಸಿದರು. ಇಲ್ಲದ ಅಂಗವು ಕೆಡುವ ಪ್ರಶ್ನೆಯೂ ಇಲ್ಲ!

ಬ್ಯಾಟರಿ

ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಕೋಶವೂ ೩.೭ ವೋಲ್ಟಿನದು, ಪೂರ್ತಿ ತುಂಬಿದಾಗ ೪.೨ ವೋಲ್ಟ್. ಎರಡು ಕೋಶ ಸೇರಿದರೆ ೭.೪, ಮೂರು ಸೇರಿದರೆ ೧೧.೧. ಮೇಲೆ ೨೨೦೦ ಮಿಲಿ ಆಂಪಿಯರ್-ತಾಸು ಎಂದು ಬರೆದಿದ್ದರೆ, ೨.೨ ಆಂಪಿಯರನ್ನು ಒಂದು ತಾಸು ಕೊಡಬಲ್ಲದೆಂದು ತಿಳಿಯಬೇಕು. ಬಂಡಿಯು ಸರಾಸರಿ ೪ ಆಂಪಿಯರ್ ಸೆಳೆದರೆ ಅದು ಅರ್ಧ ತಾಸಿಗಿಂತ ತುಸು ಹೆಚ್ಚು ನಡೆದೀತು. ದೊಡ್ಡ ಬ್ಯಾಟರಿಯಿಂದ ಹೆಚ್ಚು ಹೊತ್ತು ನಡೆಸಬಹುದೆಂಬುದು ದಿಟ. ಆದರೆ ಆ ತೂಕವನ್ನೂ ಬಂಡಿಯೇ ಹೊತ್ತು ಏರಬೇಕು. ಭಾರವು ಮೇಲಿದ್ದರೆ ಬಂಡಿ ಹಿಮ್ಮಗುಚುತ್ತದೆ. ಆದುದರಿಂದ ಚಿಕ್ಕ ಬ್ಯಾಟರಿಯನ್ನು ಕೆಳಗೆ, ಮುಂಗಾಲಿಗಳ ಹತ್ತಿರ ಕೂರಿಸುವುದು ಅನುಭವಿಗಳ ಕ್ರಮ.

ಇಲ್ಲಿ ಉಪಾಧ್ಯಾಯರು ಗಮನಿಸಬೇಕಾದ ಗಂಭೀರ ವಿಷಯವಿದೆ. ಲಿಥಿಯಂ ಬ್ಯಾಟರಿಯನ್ನು ಮಿತಿಮೀರಿ ತುಂಬಿದರೆ, ಚುಚ್ಚಿದರೆ, ಜಜ್ಜಿದರೆ ಅದು ಹೊತ್ತಿ ಉರಿಯಬಲ್ಲದು. ಪ್ರತಿ ಕೋಶವೂ ೩ ವೋಲ್ಟಿಗಿಂತ ಕೆಳಗಿಳಿದರೆ ಒಳಗೇ ಕೆಡುತ್ತದೆ. ಕೋಶಗಳನ್ನು ಸಮನಾಗಿ ತುಂಬುವ ಚಾರ್ಜರನ್ನೇ ಬಳಸಬೇಕು. ಹಿರಿಯರ ಕಣ್ಗಾವಲಿಲ್ಲದೆ, ರಾತ್ರಿಯಿಡೀ ತುಂಬಲು ಬಿಡಬಾರದು. ಊದಿಕೊಂಡುದನ್ನು ಮತ್ತೆ ಬಳಸಬಾರದು. ಹತ್ತಿರದಲ್ಲಿ ಒಂದು ಬಕೆಟ್ ಒಣ ಮರಳು ಇರಬೇಕು. ಬಂಡಿಯು ವಾರಗಟ್ಟಲೆ ಸುಮ್ಮನಿರುವುದಾದರೆ ಪ್ರತಿ ಕೋಶವನ್ನೂ ಸುಮಾರು ೩.೮ ವೋಲ್ಟಿನಲ್ಲಿಟ್ಟು ತಂಪಾದ ಜಾಗದಲ್ಲಿ ಇಡಬೇಕು. ಚಿಕ್ಕ ಮಕ್ಕಳ ಕೈಗೆ ಕೊಡುವ ಮೊದಲ ಬಂಡಿಗೆ ನಿಕಲ್ ಲೋಹ ಹೈಡ್ರೈಡ್ ಬ್ಯಾಟರಿಯೇ ಮೇಲು. ೧.೨ ವೋಲ್ಟಿನ ಆರು ಕೋಶ ಸೇರಿ ೭.೨ ವೋಲ್ಟ್ ಆಗುತ್ತದೆ. ತೂಕ ಹೆಚ್ಚು, ಶಕ್ತಿ ಕಡಿಮೆ. ಆದರೆ ತಪ್ಪನ್ನು ಸಹಿಸಿಕೊಳ್ಳುವ ಗುಣ ಅದಕ್ಕಿದೆ. ಕಲಿಯುವವನು ತಪ್ಪುವುದು ಸಹಜ. ಆ ತಪ್ಪಿನಿಂದ ಅವನ ಕೈ ಸುಡಬಾರದು.

ರೇಡಿಯೋ

ತಂತಿಯಿಲ್ಲದೆ ಆಜ್ಞೆಯನ್ನು ಕಳುಹಿಸುವ ವಿದ್ಯೆಗೆ ಒಂದು ಶತಮಾನಕ್ಕಿಂತ ಹೆಚ್ಚಿನ ಇತಿಹಾಸವಿದೆ. ೧೮೯೫ರ ಸುಮಾರಿಗೆ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯ ಆಚೆಗಿದ್ದ ಗಂಟೆಯನ್ನು ವಿದ್ಯುತ್ಕಾಂತ ತರಂಗಗಳಿಂದ ಬಾರಿಸಿ ತೋರಿಸಿದರು. ೧೮೯೮ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಸಣ್ಣ ದೋಣಿಯೊಂದನ್ನು ರೇಡಿಯೋ ತರಂಗಗಳಿಂದ ನಡೆಸಿ ಜನರನ್ನು ಬೆರಗುಗೊಳಿಸಿದನು. ಹಿಂದೆ ೨೭ ಮೆಗಾಹರ್ಟ್ಸ್ ಮುಂತಾದ ಅಲೆಗಳಲ್ಲಿ ಒಬ್ಬನ ಪ್ರೇಷಕವು ಇನ್ನೊಬ್ಬನ ಬಂಡಿಯನ್ನು ಕೆಡಿಸುವುದಿತ್ತು. ಇಂದು ಬಳಕೆಯಲ್ಲಿರುವ ೨.೪ ಗಿಗಾಹರ್ಟ್ಸ್ ಯಂತ್ರಗಳಲ್ಲಿ ಪ್ರೇಷಕಕ್ಕೂ ಗ್ರಾಹಕಕ್ಕೂ ಮೊದಲೇ ಗುರುತು ಮಾಡಿಸಿರುತ್ತಾರೆ. ಹೀಗಾಗಿ ಹತ್ತಾರು ಮಂದಿ ಒಂದೇ ಮೈದಾನದಲ್ಲಿ ನಡೆಸಿದರೂ ಗೊಂದಲವಿಲ್ಲ. ನಿಗದಿಯಾದ ಶಕ್ತಿಯ ಮಿತಿಯೊಳಗೆ ಈ ಅಲೆಗಳನ್ನು ಬಳಸಲು ಭಾರತದಲ್ಲಿ ೨೦೦೫ರಿಂದ ಪ್ರತ್ಯೇಕ ಪರವಾನಗಿಯ ಅಗತ್ಯವಿಲ್ಲ.

ರೇಡಿಯೋ ಆರಿಸುವಾಗ ದೂರವೊಂದನ್ನೇ ನೋಡಬಾರದು. ಬಂಡೆಯೇರುವ ಬಂಡಿ ನಡೆಸುವವನ ಕಣ್ಣಳವಿನಲ್ಲಿಯೇ ಇರುತ್ತದೆ. ಸಂಪರ್ಕ ಕಡಿದಾಗ ಬಂಡಿಯನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇದೆಯೇ, ಬೆರಳಿನ ಸಣ್ಣ ಚಲನೆಗೆ ಬಂಡಿಯೂ ಸಣ್ಣದಾಗಿ ಸ್ಪಂದಿಸುವಂತೆ ಹೊಂದಿಸಬಹುದೇ ಎಂಬ ಎರಡನ್ನು ನೋಡಿದರೆ ಸಾಕು.

ಪ್ರಜ್ಞಾನದ ಪ್ರಸಂಗದಲ್ಲಿ ಈ ಪ್ರಶ್ನೆ ಎಷ್ಟು ಬಿಗಿಯಾಗಿತ್ತೆಂಬುದು ವಿಚಾರಾರ್ಹ. ೩,೮೪,೦೦೦ ಕಿಲೋಮೀಟರ್ ದಾಟಲು ಬೆಳಕಿಗೂ ರೇಡಿಯೋ ತರಂಗಕ್ಕೂ ಸುಮಾರು ೧.೩ ಸೆಕೆಂಡು ಬೇಕು. ಅಷ್ಟು ದೂರಕ್ಕೆ ನೇರವಾಗಿ ಮಾತನಾಡುವ ಸಾಧನವನ್ನು ಹೊರಿಸಿದ್ದರೆ ೨೬ ಕಿಲೋ ತೂಕದ, ೫೦ ವ್ಯಾಟಿನ ಬಂಡಿಗೆ ಅದೇ ಹೊರೆಯಾಗುತ್ತಿತ್ತು. ಆದುದರಿಂದ ಪ್ರಜ್ಞಾನವು ಹತ್ತಿರದ ವಿಕ್ರಮನೊಡನೆ ಮಾತ್ರ ಮಾತನಾಡುತ್ತಿತ್ತು. ವಿಕ್ರಮನ ಮಾತನ್ನು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ ಬೃಹತ್ ಆಂಟೆನಾಗಳು ಆಲಿಸುತ್ತಿದ್ದವು. ಬಂಡಿಯ ಎರಡು ಕ್ಯಾಮೆರಾಗಳು ಕಳುಹಿಸಿದ ಚಿತ್ರಗಳಿಂದ ನೆಲದ ಏರುತಗ್ಗುಗಳ ನಕ್ಷೆ ಮಾಡಿ, ಹಾದಿಯನ್ನು ನಿಶ್ಚಯಿಸಿ, ಒಮ್ಮೆಗೆ ಹೆಚ್ಚೆಂದರೆ ೫ ಮೀಟರ್ ನಡೆಯಲು ಆಜ್ಞೆ ಕೊಡುತ್ತಿದ್ದರು. ೨೦೨೩ರ ಆಗಸ್ಟ್ ೨೭ರಂದು ೩ ಮೀಟರ್ ಮುಂದೆ ೪ ಮೀಟರ್ ವ್ಯಾಸದ ಕುಳಿಯೊಂದು ಕಂಡಾಗ ಬಂಡಿಯನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ ಬೇರೊಂದು ಹಾದಿ ಹಿಡಿಸಿದರು. ವೇಗವಾಗಿ ಓಡುತ್ತಿದ್ದರೆ ಈ ವಿವೇಚನೆಗೆ ಅವಕಾಶವೆಲ್ಲಿರುತ್ತಿತ್ತು?

ಅಂಗಗಳ ಹೊಂದಾಣಿಕೆ

ಒಂದೊಂದು ಅಂಗವೂ ಉತ್ತಮವಾಗಿದ್ದು ಬಂಡಿ ಮಾತ್ರ ನಡೆಯದಿರುವ ಪ್ರಸಂಗ ಬಹಳ. ಅದಕ್ಕೆ ಕಾರಣ ಹೊಂದಾಣಿಕೆಯ ಕೊರತೆ. ಬ್ಯಾಟರಿಯ ೧೧ ವೋಲ್ಟನ್ನು ಗ್ರಾಹಕಕ್ಕೂ ಸರ್ವೋಗೂ ತಕ್ಕ ೬ ವೋಲ್ಟಿಗೆ ಇಳಿಸಿಕೊಡುವ ಒಂದು ಚಿಕ್ಕ ಮಂಡಲವು ವೇಗನಿಯಂತ್ರಕದೊಳಗೆ ಇರುತ್ತದೆ. ಇದನ್ನು ಬಿ.ಇ.ಸಿ. ಎನ್ನುತ್ತಾರೆ. ಕೊಳ್ಳುವವರು ಬಹುಮಟ್ಟಿಗೆ ಇದನ್ನು ಕೇಳುವುದೇ ಇಲ್ಲ. ಅದರ ಸಾಮರ್ಥ್ಯ ೩ ಆಂಪಿಯರ್ ಎಂದೂ, ಬಲಿಷ್ಠವಾದ ಸರ್ವೋ ಸಿಕ್ಕಿಕೊಂಡಾಗ ೪ ಆಂಪಿಯರ್ ಸೆಳೆಯುತ್ತದೆ ಎಂದೂ ಭಾವಿಸಿದರೆ ಆಗುವುದೇನು? ಗಾಲಿಯು ಕಲ್ಲುಗಳ ನಡುವೆ ಬಿಗಿದೊಡನೆ ವೋಲ್ಟೇಜು ಕುಸಿಯುತ್ತದೆ, ಗ್ರಾಹಕವು ಮೂರ್ಛೆಹೋಗುತ್ತದೆ, ಬಂಡಿಯು ಕ್ಷಣಕಾಲ ಯಾರ ಮಾತನ್ನೂ ಕೇಳದಂತಾಗುತ್ತದೆ. ಬೇಸಿಗೆಯಲ್ಲಿ ಊರಿನ ಪಂಪುಗಳೆಲ್ಲ ಒಟ್ಟಿಗೆ ಹೊರಟಾಗ ಮನೆಯ ದೀಪ ಮಂಕಾಗುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತಿಳಿಯದವನು ರೇಡಿಯೋ ಕೆಟ್ಟಿತೆಂದು ಹೊಸದನ್ನು ಕೊಳ್ಳುತ್ತಾನೆ. ಅದೂ ಹಾಗೆಯೇ ಮಾಡುತ್ತದೆ. ೫ ಆಂಪಿಯರಿಗೂ ಮಿಗಿಲಾದ ಪ್ರತ್ಯೇಕ ಬಿ.ಇ.ಸಿ. ಒಂದನ್ನು ಜೋಡಿಸಿದರೆ ಅಲ್ಪ ಖರ್ಚಿನಲ್ಲಿ ದೋಷ ಪರಿಹಾರವಾಗುತ್ತದೆ.

ಆದುದರಿಂದ ಒಂದು ಹಾಳೆಯಲ್ಲಿ ಗೆರೆ ಎಳೆದು, ಪ್ರತಿಯೊಂದು ಅಂಗಕ್ಕೆ ಎಷ್ಟು ವೋಲ್ಟ್ ಬೇಕು, ಸುಮ್ಮನಿದ್ದಾಗ, ನಡೆಯುವಾಗ, ಸಿಕ್ಕಿಕೊಂಡಾಗ ಎಷ್ಟು ಆಂಪಿಯರ್ ಬೇಕು ಎಂಬುದನ್ನು ಬರೆಯಬೇಕು. ಎದುರಿಗೆ ಕೊಡುವ ಅಂಗದ ಸಾಮರ್ಥ್ಯವನ್ನು ಬರೆಯಬೇಕು. ಕೊಡುವುದು ಕೇಳುವುದಕ್ಕಿಂತ ಎಲ್ಲೆಡೆಯಲ್ಲೂ ಹೆಚ್ಚಾಗಿರುವವರೆಗೆ ಪೇಟೆಗೆ ಹೋಗಬಾರದು. ಅಂಗಡಿಯ ಲೆಕ್ಕದ ಪುಸ್ತಕ ಬರೆಯಬಲ್ಲ ಹುಡುಗನು ಈ ಲೆಕ್ಕವನ್ನೂ ಬರೆಯಬಲ್ಲನು.

ದೊಡ್ಡವರ ಯಂತ್ರಗಳೂ ಈ ನಿಯಮಕ್ಕೆ ಹೊರತಲ್ಲ. ೨೦೧೯ರ ಸೆಪ್ಟೆಂಬರ್ ೭ರಂದು ಚಂದ್ರಯಾನ-೨ರ ವಿಕ್ರಮ ನೌಕೆಯು ಇಳಿಯುವಾಗ ನೆಲಕ್ಕಪ್ಪಳಿಸಿತು. ಅದರೊಳಗಿದ್ದ ಮೊದಲ ಪ್ರಜ್ಞಾನವು ಒಂದು ಹೆಜ್ಜೆಯನ್ನೂ ಇಡದೆ ನಾಶವಾಯಿತು. ಬಂಡಿಯಲ್ಲಿ ದೋಷವಿರಲಿಲ್ಲ, ಅದನ್ನು ಹೊತ್ತ ನೌಕೆಯ ವೇಗವನ್ನು ತಗ್ಗಿಸುವಾಗ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋಗಿ ನಿಯಂತ್ರಣ ಮೀರಿತ್ತು. ವಿಜ್ಞಾನಿಗಳು ಆ ಸೋಲನ್ನು ಮುಚ್ಚಿಡದೆ, ಏನೇನು ಕೆಡಬಹುದು ಎಂಬುದನ್ನೇ ಮೊದಲಿಟ್ಟುಕೊಂಡು ಎರಡನೆಯ ನೌಕೆಯನ್ನು ಕಟ್ಟಿದರು. ಕಾಲುಗಳನ್ನು ಬಲಪಡಿಸಿದರು, ಇಳಿಯುವ ಜಾಗವನ್ನು ವಿಸ್ತರಿಸಿದರು. ಇಷ್ಟಾದರೂ ಚಂದ್ರನ ರಾತ್ರಿಯ ಭೀಕರ ಚಳಿಯನ್ನು ತಾಳುವ ಉಷ್ಣಸಾಧನವನ್ನು ಪ್ರಜ್ಞಾನಕ್ಕೆ ಕೊಟ್ಟಿರಲಿಲ್ಲ. ಅದನ್ನು ಭೂಮಿಯ ೧೪ ದಿನಗಳಷ್ಟಿರುವ ಒಂದು ಹಗಲಿಗಾಗಿಯೇ ನಿರ್ಮಿಸಿದ್ದರು. ಸೆಪ್ಟೆಂಬರ್ ೨೨ರಂದು ಮತ್ತೆ ಕರೆದಾಗ ಅದು ಓಗೊಡಲಿಲ್ಲ. ಅದಕ್ಕೆ ವಹಿಸಿದ ಕೆಲಸವು ಅಷ್ಟರಲ್ಲಿ ಮುಗಿದಿತ್ತು.

ಶಾಲೆಗೆ ಸಂಬಂಧಿಸಿದ ಮಾತು

ಹನ್ನೊಂದನೆಯ ಶತಮಾನದ ಭೋಜರಾಜನು ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಭೂಮಿ, ಜಲ, ಅಗ್ನಿ, ವಾಯುಗಳನ್ನು ಯಂತ್ರಗಳ ಬೀಜಗಳೆಂದು ಎಣಿಸಿದ್ದಾನೆ. ಇಂದಿನ ಮಕ್ಕಳಿಗೆ ವಿದ್ಯುತ್ತೆಂಬ ಇನ್ನೊಂದು ಬೀಜ ದೊರೆತಿದೆ. ಆದರೆ ಬೀಜವು ಉಗ್ರಾಣದಲ್ಲಿದ್ದರೆ ಬೆಳೆಯಾಗದು. ನೀತಿ ಆಯೋಗವು ೨೦೧೬ರಿಂದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ ಅನುದಾನ ಕೊಡುತ್ತ ಬಂದಿದೆ. ಅನೇಕ ಶಾಲೆಗಳಿಗೆ ದಾನಿಗಳ ನೆರವೂ ದೊರೆಯುತ್ತದೆ. ಬೆಲೆಬಾಳುವ ಸಿದ್ಧ ಯಂತ್ರವು ಉದ್ಘಾಟನೆಯ ದಿನ ಮೇಜಿನ ಮೇಲೆ ಓಡ್ಯಾಡಿ, ಮರುದಿನ ಗಾಜಿನ ಕಪಾಟನ್ನು ಸೇರಿ, ಬ್ಯಾಟರಿ ಊದಿಕೊಂಡು ಕೆಡುವವರೆಗೆ ಅಲ್ಲಿಯೇ ಉಳಿಯುವುದು ಅಪರೂಪವೇನಲ್ಲ. ಕೊಟ್ಟವರಿಗೂ ಅದರಿಂದ ತೃಪ್ತಿಯಿಲ್ಲ, ಮಕ್ಕಳಿಗೂ ವಿದ್ಯೆಯಿಲ್ಲ.

ಅದರ ಬದಲಾಗಿ, ವೋಲ್ಟ್ ಮತ್ತು ಆಂಪಿಯರನ್ನು ಅಳೆಯುವ ಒಂದು ಮೀಟರು, ಬೆಸುಗೆಯ ಕಡ್ಡಿ, ಒಳ್ಳೆಯ ಚಾರ್ಜರು, ಮರಳಿನ ಬಕೆಟ್ಟು, ಕೆಟ್ಟರೆ ಬಿಚ್ಚಲು ನಾಲ್ಕು ಅಗ್ಗದ ಮೋಟಾರುಗಳು ಮತ್ತು ವಾರಕ್ಕೆರಡು ತಾಸು ಮಕ್ಕಳ ನಡುವೆ ಕೂರುವ ಒಬ್ಬ ಉಪಾಧ್ಯಾಯರು ಇಷ್ಟಿದ್ದರೆ ಬಂಡಿ ತಾನಾಗಿಯೇ ಹುಟ್ಟುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಮೋಟಾರು ಕಟ್ಟುವವರಿದ್ದಾರೆ, ಮೊಬೈಲು ರಿಪೇರಿ ಮಾಡುವವರಿದ್ದಾರೆ, ದೂರದ ನಗರಗಳಲ್ಲಿ ಎಂಜಿನಿಯರುಗಳಾದವರಿದ್ದಾರೆ. ಅವರು ವರ್ಷಕ್ಕೊಂದು ದಿನ ಶಾಲೆಗೆ ಬಂದು ಮಕ್ಕಳೊಡನೆ ಕುಳಿತರೆ ಅದು ಹಣದ ದಾನಕ್ಕೆ ಕಡಿಮೆಯಲ್ಲ.

ಇನ್ನೊಂದು ಮಾತು ಭಾಷೆಯದು. ಮೋಟಾರು, ಸರ್ವೋ, ಬ್ಯಾಟರಿ ಎಂಬ ಹೆಸರುಗಳು ಹೊರಗಿನಿಂದ ಬಂದವು. ಅವು ಹಾಗೆಯೇ ಇರಲಿ. ಆದರೆ ‘ಬಂಡಿ ಏಕೆ ನಿಂತಿತು?’ ಎಂಬ ಪ್ರಶ್ನೆಗೆ ಏಳನೆಯ ತರಗತಿಯ ಬಾಲಕಿಯೊಬ್ಬಳು ‘ಗಾಲಿ ಸಿಕ್ಕಿತು, ಸರ್ವೋ ಹೆಚ್ಚು ವಿದ್ಯುತ್ತನ್ನು ಎಳೆಯಿತು, ಗ್ರಾಹಕಕ್ಕೆ ವೋಲ್ಟೇಜು ಸಾಲಲಿಲ್ಲ’ ಎಂದು ತನ್ನ ಮನೆಮಾತಿನಲ್ಲಿ ಉತ್ತರಿಸಬಲ್ಲಳಾದರೆ ವಿದ್ಯೆಯು ಅವಳದಾಯಿತು. ಬರಿಯ ಹೆಸರುಗಳನ್ನು ಉರುಹೊಡೆದವಳಿಗೆ ಆ ಮೂರು ಮಾತು ಜೋಡಿಸಲು ಬರುವುದಿಲ್ಲ. ಕಾರಣದಿಂದ ಕಾರ್ಯಕ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗುವುದನ್ನು ಕಲಿಸುವುದೇ ವ್ಯಾಕರಣದ ಕೆಲಸ, ತರ್ಕದ ಕೆಲಸ, ಯಂತ್ರವಿದ್ಯೆಯ ಕೆಲಸವೂ ಹೌದು.

ಊರಿನ ಹಳ್ಳದಲ್ಲಿ ಒಂದು ಕಿರುಬಂಡಿಯು ಕರಿಗಲ್ಲಿನ ಮೇಲೆ ಮುಂಗಾಲಿಯನ್ನಿಟ್ಟು, ಕ್ಷಣ ನಿಂತು, ಹಿಂಗಾಲಿಯನ್ನೂ ಎಳೆದುಕೊಂಡು ಏರುವಾಗ ಸುತ್ತ ನಿಂತ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಅವರಲ್ಲೊಬ್ಬರು ಮುಂದೊಂದು ದಿನ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತು ಇನ್ನೊಂದು ಬಂಡಿಯನ್ನು ನಡೆಸಲಿ ಎಂದು ಹಾರೈಸುವುದು ಅತಿಯಾಸೆಯಲ್ಲ. ಹಾಗಾಗದಿದ್ದರೂ ಊರಿನಲ್ಲಿಯೇ ಉಳಿದು ಕೆಟ್ಟ ಪಂಪನ್ನು ಕಾರಣ ತಿಳಿದು ಸರಿಪಡಿಸುವವರಾದರೆ, ಕೊಟ್ಟವರ ದಾನವೂ ಕಲಿಸಿದವರ ಶ್ರಮವೂ ಸಾರ್ಥಕವಾದಂತೆಯೇ ಸರಿ.